ಬರೆದರೆ ಕಳಚಬೇಕಾದ ಮುದ್ರೆ: ಲಿನಕ್ಸ್ ಕರ್ನೆಲ್‌ನ ಒಂದು ನಿಯಮದ ವಿಮರ್ಶೆ

ಅಂಗಡಿಯ ತಕ್ಕಡಿಯನ್ನು ತೂಕ ಮತ್ತು ಅಳತೆ ಇಲಾಖೆಯವರು ಪರಿಶೀಲಿಸಿ ಮುದ್ರೆ ಹಾಕುತ್ತಾರೆ. ಆ ತಕ್ಕಡಿಯನ್ನು ಬಿಚ್ಚಿ ದುರಸ್ತಿ ಮಾಡಿದರೆ ಹಳೆಯ ಮುದ್ರೆಗೆ ಬೆಲೆಯಿಲ್ಲ. ಮತ್ತೆ ಪರಿಶೀಲನೆಗೆ ಒಪ್ಪಿಸಿ ಹೊಸ ಮುದ್ರೆ ಪಡೆಯಬೇಕು. ಏಕೆಂದರೆ ಮುದ್ರೆ ಇರುವುದು ತಕ್ಕಡಿಯ ಹೆಸರಿಗಲ್ಲ, ಪರಿಶೀಲಿಸಿದಾಗ ಅದು ಇದ್ದ ಸ್ಥಿತಿಗೆ.

ಗಣಕದಲ್ಲಿಯೂ ಇಂಥ ಮುದ್ರೆಗಳಿವೆ. ಕೆಲವು ಪ್ರೋಗ್ರಾಮುಗಳಿಗೆ ಅವನ್ನು ನಡೆಸುವ ಬಳಕೆದಾರನಿಗಿಂತ ಹೆಚ್ಚಿನ ಅಧಿಕಾರ ಕೊಟ್ಟಿರಲಾಗುತ್ತದೆ. ಆ ಅಧಿಕಾರದ ಗುರುತು ಕಡತದ ಮೇಲೆಯೇ ಇರುತ್ತದೆ. ಕಡತದ ಒಳವಸ್ತು ಬದಲಾದರೆ ಈ ಗುರುತು ಅಳಿಯಬೇಕು ಎಂಬುದು ಯುನಿಕ್ಸ್ ಪರಂಪರೆಯ ನಿಯಮ. ಕಾರ್ಯಾಚರಣ ವ್ಯವಸ್ಥೆಗಳ ಪಠ್ಯಪುಸ್ತಕಗಳಲ್ಲಿ ಇದಕ್ಕೆ ಒಂದೆರಡು ಸಾಲಿಗಿಂತ ಹೆಚ್ಚು ಜಾಗ ಸಿಗುವುದು ಅಪರೂಪ. ಆದರೆ ಒಂದೇ ಗಣಕವನ್ನು ಹಲವರು ಹಂಚಿಕೊಳ್ಳುವ ಕಡೆಗಳಲ್ಲೆಲ್ಲ, ಅಂದರೆ ವಿಶ್ವವಿದ್ಯಾಲಯದ ಸರ್ವರಿನಿಂದ ಹಿಡಿದು ಬಾಡಿಗೆಗೆ ಸಿಗುವ ಕ್ಲೌಡ್ ಯಂತ್ರಗಳವರೆಗೆ, ಸಾಮಾನ್ಯ ಬಳಕೆದಾರ ಮತ್ತು ವ್ಯವಸ್ಥಾಪಕನ ನಡುವಿನ ಗೋಡೆಯಲ್ಲಿ ಇದೂ ಒಂದು ಇಟ್ಟಿಗೆ. ನಿಯಮ ಸರಿಯಾಗಿದೆ, ಅದನ್ನು ಜಾರಿಗೊಳಿಸುವ ಜಾಗ ಸರಿಯಿಲ್ಲ ಎಂಬುದು ಈ ಲೇಖನದ ವಾದ.

ಮುದ್ರೆ ಬಂದ ಬಗೆ

ಯುನಿಕ್ಸ್‌ನಲ್ಲಿ ಪ್ರತಿ ಕಡತಕ್ಕೂ ಅನುಮತಿ ಸೂಚಿಸುವ 12 ಬಿಟ್‌ಗಳಿವೆ. ಇವುಗಳಲ್ಲಿ 9 ಬಿಟ್‌ಗಳು ಒಡೆಯ, ಗುಂಪು ಮತ್ತು ಇತರರಿಗೆ ಓದುವ, ಬರೆಯುವ, ನಡೆಸುವ ಹಕ್ಕುಗಳನ್ನು ಹೇಳುತ್ತವೆ. ಉಳಿದ 3 ವಿಶೇಷ ಬಿಟ್‌ಗಳು. ಅವುಗಳಲ್ಲಿ ಮೊದಲನೆಯದು ಸೆಟ್‌ಯುಐಡಿ. ಈ ಬಿಟ್ ಇರುವ ಪ್ರೋಗ್ರಾಮನ್ನು ಯಾರೇ ನಡೆಸಲಿ, ಅದು ಕಡತದ ಒಡೆಯನ ಅಧಿಕಾರದಲ್ಲಿ ನಡೆಯುತ್ತದೆ. ಎರಡನೆಯದಾದ ಸೆಟ್‌ಜಿಐಡಿ ಗುಂಪಿನ ಅಧಿಕಾರಕ್ಕೆ ಸಂಬಂಧಿಸಿದ್ದು.

ಬೆಲ್ ಪ್ರಯೋಗಾಲಯದಲ್ಲಿದ್ದ ಡೆನ್ನಿಸ್ ರಿಚಿ ಅವರು ಈ ಉಪಾಯದ ಜನಕ. ಇದಕ್ಕೆ 1973ರಲ್ಲಿ ಪೇಟೆಂಟ್ ಅರ್ಜಿ ಹಾಕಲಾಯಿತು. 1979ರಲ್ಲಿ ಅಮೆರಿಕದ 4,135,240ನೆಯ ಪೇಟೆಂಟ್ ದೊರೆಯಿತು. ಮುಂದೆ ಅದನ್ನು ಸಾರ್ವಜನಿಕ ಬಳಕೆಗೆ ಬಿಟ್ಟುಕೊಡಲಾಯಿತು. ಸಮಸ್ಯೆ ಸರಳವಾದದ್ದು. ಬಳಕೆದಾರ ತನ್ನ ಗುಪ್ತಪದವನ್ನು ಬದಲಿಸಿಕೊಳ್ಳಬೇಕು. ಆದರೆ ಗುಪ್ತಪದಗಳ ಕಡತವನ್ನು ತಿದ್ದುವ ಹಕ್ಕು ರೂಟ್ ಎಂಬ ವ್ಯವಸ್ಥಾಪಕನಿಗೆ ಮಾತ್ರ ಇರಬೇಕು. ಪರಿಹಾರವೆಂದರೆ, ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಮಿನ ಒಡೆಯನನ್ನು ರೂಟ್ ಮಾಡಿ ಅದಕ್ಕೆ ಸೆಟ್‌ಯುಐಡಿ ಮುದ್ರೆ ಹಾಕುವುದು. ಬಳಕೆದಾರನಿಗೆ ಕಡತ ಸಿಗುವುದಿಲ್ಲ. ಕಡತವನ್ನು ಹದವರಿತು ತಿದ್ದುವ ಪ್ರೋಗ್ರಾಮು ಸಿಗುತ್ತದೆ. ನಂಬಿಕೆ ಇರುವುದು ವ್ಯಕ್ತಿಯ ಮೇಲಲ್ಲ, ಪ್ರೋಗ್ರಾಮಿನ ಒಳವಸ್ತುವಿನ ಮೇಲೆ.

ರೂಟ್‌ನ ಸಮಸ್ತ ಅಧಿಕಾರವನ್ನು ಒಟ್ಟಿಗೆ ಕೊಡುವುದು ಅಪಾಯವೆಂದು ಲಿನಕ್ಸ್ ಅದನ್ನು ಸಣ್ಣ ಸಣ್ಣ ಸಾಮರ್ಥ್ಯಗಳಾಗಿ ಒಡೆಯಿತು. 1999ರಲ್ಲಿ ಬಂದ 2.2 ಆವೃತ್ತಿಯಲ್ಲಿ ಇದು ಆರಂಭವಾಯಿತು. 2008ರ ಜನವರಿಯಲ್ಲಿ ಬಂದ 2.6.24 ಆವೃತ್ತಿಯಿಂದ ಇಂಥ ಸಾಮರ್ಥ್ಯಗಳನ್ನು ಕಡತಕ್ಕೇ ಅಂಟಿಸಬಹುದಾಯಿತು. ಅಲ್ಲಿಗೆ ಕಳಚಬೇಕಾದ ಮುದ್ರೆಗಳು ಮೂರಾದವು: ಸೆಟ್‌ಯುಐಡಿ, ಸೆಟ್‌ಜಿಐಡಿ ಮತ್ತು ಕಡತ ಸಾಮರ್ಥ್ಯ.

ನಿಯಮದ ಅಗತ್ಯ

ರೂಟ್ ಒಡೆತನದ, ಸೆಟ್‌ಯುಐಡಿ ಮುದ್ರೆಯುಳ್ಳ ಒಂದು ಪ್ರೋಗ್ರಾಮಿಗೆ ಯಾವುದೋ ಅಜಾಗರೂಕತೆಯಿಂದ ಗುಂಪಿನವರಿಗೂ ಬರೆಯುವ ಹಕ್ಕು ಸಿಕ್ಕಿದೆ ಎಂದಿಟ್ಟುಕೊಳ್ಳೋಣ. ಗುಂಪಿನ ಸದಸ್ಯನೊಬ್ಬ ಆ ಕಡತದ ಒಳವಸ್ತುವನ್ನು ಅಳಿಸಿ ತನಗೆ ಬೇಕಾದ ಸೂಚನೆಗಳನ್ನು ಬರೆಯುತ್ತಾನೆ. ಮುದ್ರೆ ಹಾಗೆಯೇ ಉಳಿದರೆ ಮರುಕ್ಷಣದಲ್ಲಿ ಆತ ರೂಟ್. ಆದ್ದರಿಂದ ಕರ್ನೆಲ್ ಬರೆಯುವ ಮುನ್ನ ಮುದ್ರೆಯನ್ನು ಕಳಚುತ್ತದೆ.

ಓದುಗರು ಇದನ್ನು ತಮ್ಮ ಲಿನಕ್ಸ್ ಗಣಕದಲ್ಲಿ ಅಪಾಯವಿಲ್ಲದೆ ಪರೀಕ್ಷಿಸಬಹುದು. ನಿಮ್ಮದೇ ಒಂದು ಪಠ್ಯ ಕಡತಕ್ಕೆ 4755 ಎಂಬ ಅನುಮತಿ ಕೊಡಿ. ಪಟ್ಟಿಯಲ್ಲಿ ಒಡೆಯನ ಎಕ್ಸ್ ಅಕ್ಷರದ ಜಾಗದಲ್ಲಿ ಎಸ್ ಕಾಣಿಸುತ್ತದೆ. ಈಗ ಕಡತದ ಕೊನೆಗೆ ಒಂದು ಸಾಲು ಸೇರಿಸಿ ಮತ್ತೆ ಪಟ್ಟಿ ನೋಡಿ. ಎಸ್ ಹೋಗಿ ಎಕ್ಸ್ ಮರಳಿರುತ್ತದೆ. ಯಾವ ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ.

ಈ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಹಕ್ಕಿನ ಪರಿಶೀಲನೆ, ಆಮೇಲೆ ಮುದ್ರೆ ಕಳಚುವುದು, ಕೊನೆಗೆ ಬರವಣಿಗೆ. ಬರೆದ ಮೇಲೆ ಕಳಚಿದರೆ ಹೊಸ ಒಳವಸ್ತು ಮತ್ತು ಹಳೆಯ ಮುದ್ರೆ ಜೊತೆಯಾಗಿರುವ ಒಂದು ಸಣ್ಣ ಅವಧಿ ಉಳಿಯುತ್ತದೆ. ಮೊದಲೇ ಕಳಚಿ, ಡಿಸ್ಕ್ ತುಂಬಿದ್ದರಿಂದ ಬರವಣಿಗೆ ವಿಫಲವಾದರೆ ಮುದ್ರೆ ವ್ಯರ್ಥವಾಗಿ ಹೋಗುತ್ತದೆ, ಅಷ್ಟೆ. ಎರಡನೆಯದು ಸುರಕ್ಷಿತ ಬದಿಯ ತಪ್ಪು. ಇಲ್ಲಿಯವರೆಗೆ ಕರ್ನೆಲ್‌ನ ನಿರ್ಧಾರವನ್ನು ಮೆಚ್ಚಲೇಬೇಕು.

ಮಾನಕದ ಸಡಿಲ ಮಾತು

ಯುನಿಕ್ಸ್ ಮಾದರಿಯ ವ್ಯವಸ್ಥೆಗಳಿಗೆ ಪಾಸಿಕ್ಸ್ ಎಂಬ ಮಾನಕವಿದೆ. ಅದು ಈ ವಿಷಯದಲ್ಲಿ ಆಡುವ ಮಾತು ಒಂದೇ ಸಮನಾಗಿಲ್ಲ. ವಿಶೇಷಾಧಿಕಾರವಿಲ್ಲದವನು ನಡೆಸಬಹುದಾದ ಸಾಮಾನ್ಯ ಕಡತದ ಒಡೆತನ ಬದಲಿಸಿದರೆ ಮುದ್ರೆ ಅಳಿಯಲೇಬೇಕು ಎಂದು ಅದು ವಿಧಿಸುತ್ತದೆ. ವಿಶೇಷಾಧಿಕಾರವುಳ್ಳವನು ಬದಲಿಸಿದರೆ ಏನಾಗಬೇಕೆಂಬುದನ್ನು ವ್ಯವಸ್ಥೆ ರಚಿಸುವವರ ಇಚ್ಛೆಗೆ ಬಿಡುತ್ತದೆ. ಒಳವಸ್ತುವನ್ನೇ ಬದಲಿಸಿದಾಗ? ಮುದ್ರೆ ಅಳಿಯಬಹುದು ಎನ್ನುತ್ತದೆ, ಅಷ್ಟೆ. ಒಡೆತನದ ಬದಲಾವಣೆಗೆ ಕಡ್ಡಾಯ, ಒಳವಸ್ತುವಿನ ಬದಲಾವಣೆಗೆ ಐಚ್ಛಿಕ! ಹಳೆಯ ಯುನಿಕ್ಸ್ ತಳಿಗಳು ಬೇರೆ ಬೇರೆ ರೀತಿ ವರ್ತಿಸುತ್ತಿದ್ದಾಗ ಎಲ್ಲವನ್ನೂ ಒಳಗೊಳ್ಳುವ ಮಾತು ಮಾನಕಕ್ಕೆ ಬೇಕಿತ್ತು ಎಂದು ಒಪ್ಪಬಹುದು. ಆದರೆ ಭದ್ರತೆಯ ನಿಯಮವೊಂದು ಐಚ್ಛಿಕವಾದರೆ, ಅದನ್ನು ನೆಚ್ಚಿಕೊಂಡು ಯಾರೂ ಪ್ರೋಗ್ರಾಮು ಬರೆಯುವಂತಿಲ್ಲ.

ಲಿನಕ್ಸ್ ಈ ಸಡಿಲವನ್ನು ಬಿಗಿ ಮಾಡಿದೆಯೇ? ಭಾಗಶಃ ಮಾತ್ರ. ಮೇಲಿನ ಪರೀಕ್ಷೆಯನ್ನು ಈಗ ರೂಟ್ ಆಗಿ ಮಾಡಿ ನೋಡಿ. ಸಾಲು ಸೇರಿಸಿದರೂ ಎಸ್ ಅಕ್ಷರ ಉಳಿದಿರುತ್ತದೆ. ಫ್‌ಸೆಟ್‌ಐಡಿ ಎಂಬ ಸಾಮರ್ಥ್ಯವುಳ್ಳವನ ಬರವಣಿಗೆಗೆ ಕರ್ನೆಲ್ ವಿನಾಯಿತಿ ಕೊಡುವುದೇ ಇದಕ್ಕೆ ಕಾರಣ. ಆದರೆ ಅದೇ ಕಡತಕ್ಕೆ ಕಡತ ಸಾಮರ್ಥ್ಯವನ್ನು ಅಂಟಿಸಿದ್ದರೆ, ರೂಟ್ ಬರೆದರೂ ಅದು ಅಳಿಯುತ್ತದೆ. ಇನ್ನು ಒಡೆತನ ಬದಲಿಸಿದರೆ, 2.2.13 ಆವೃತ್ತಿಯಿಂದೀಚೆಗೆ, ರೂಟ್ ಬದಲಿಸಿದರೂ ಸೆಟ್‌ಯುಐಡಿ ಅಳಿಯುತ್ತದೆ. ಒಂದೇ ಉದ್ದೇಶದ ಎರಡು ಮುದ್ರೆಗಳು, ಎರಡು ಕ್ರಿಯೆಗಳು. ನಾಲ್ಕು ಸಂದರ್ಭಗಳಲ್ಲಿ ಮೂರರಲ್ಲಿ ಕಳಚುತ್ತದೆ, ಒಂದರಲ್ಲಿ ಇಲ್ಲ. ಇದು ವಿವೇಚಿಸಿ ಮಾಡಿದ ವಿಂಗಡಣೆಯಂತೆ ಕಾಣುವುದಿಲ್ಲ. ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೈಗಳು ಬರೆದ ಸಾಲುಗಳ ಒಟ್ಟು ಮೊತ್ತ ಇದು.

ರೂಟ್ ಬೇಕೆಂದರೆ ಮುದ್ರೆಯನ್ನು ಮತ್ತೆ ಹಾಕಬಲ್ಲ, ಆದ್ದರಿಂದ ಕಳಚಿ ಪ್ರಯೋಜನವೇನು ಎಂದು ಕೇಳಬಹುದು. ಉತ್ತರವನ್ನು 1988ರಲ್ಲಿ ನಾರ್ಮ್ ಹಾರ್ಡಿ ಕೊಟ್ಟಿದ್ದಾರೆ. ಹೆಚ್ಚು ಅಧಿಕಾರವುಳ್ಳ ಪ್ರೋಗ್ರಾಮನ್ನು ಕಡಿಮೆ ಅಧಿಕಾರದವನು ಯಾಮಾರಿಸಿ ತನ್ನ ಕೆಲಸ ಮಾಡಿಸಿಕೊಳ್ಳುವ ಸಮಸ್ಯೆಯನ್ನು ಅವರು ಗೊಂದಲಕ್ಕೊಳಗಾದ ಪ್ರತಿನಿಧಿ ಎಂಬ ಹೆಸರಿನಿಂದ ವಿವರಿಸಿದರು. ರೂಟ್ ಅಧಿಕಾರದ ಒಂದು ಸೇವೆ ತಪ್ಪಾಗಿ ಮುದ್ರೆಯುಳ್ಳ ಕಡತಕ್ಕೆ ಬರೆದರೆ, ಆ ಸೇವೆಗೆ ಮುದ್ರೆಯನ್ನು ಉಳಿಸುವ ಉದ್ದೇಶವೇ ಇರುವುದಿಲ್ಲ. ಉದ್ದೇಶವಿದ್ದವನು ಇನ್ನೊಂದು ಆಜ್ಞೆ ಕೊಟ್ಟು ಮುದ್ರೆ ಹಾಕಿಕೊಳ್ಳಲಿ. ವಿನಾಯಿತಿಗಿಂತ ಇದು ಉತ್ತಮ.

ಒಂದೇ ಬಿಟ್‌ಗೆ ಎರಡು ಅರ್ಥ ಕೊಟ್ಟದ್ದೂ ಗೊಂದಲವನ್ನು ಹೆಚ್ಚಿಸಿತು. ಸೆಟ್‌ಜಿಐಡಿ ಇದ್ದು ಗುಂಪಿಗೆ ನಡೆಸುವ ಹಕ್ಕು ಇಲ್ಲದಿದ್ದರೆ, ಅದು ಅಧಿಕಾರದ ಮುದ್ರೆಯಲ್ಲ, ಕಡತಕ್ಕೆ ಕಡ್ಡಾಯ ಬೀಗ ಹಾಕುವ ಸೂಚನೆ ಎಂಬ ರೂಢಿಯಿತ್ತು. ಆದ್ದರಿಂದ ಅಂಥ ಕಡತಗಳಲ್ಲಿ ಬಿಟ್ಟನ್ನು ಅಳಿಸುತ್ತಿರಲಿಲ್ಲ. ಕಡ್ಡಾಯ ಬೀಗದ ಸೌಲಭ್ಯವನ್ನು 2021ರ 5.15 ಆವೃತ್ತಿಯಲ್ಲಿ ಕೈಬಿಡಲಾಯಿತು. ಬರೆಯುವ ದಾರಿಯಲ್ಲೂ ಒಡೆತನ ಬದಲಿಸುವ ದಾರಿಯಲ್ಲೂ ಸೆಟ್‌ಜಿಐಡಿಗೆ ಒಂದೇ ಪರೀಕ್ಷೆ ಅನ್ವಯವಾಗುವಂತೆ ತಿದ್ದಿದ್ದು 2023ರ 6.2 ಆವೃತ್ತಿಯಲ್ಲಿ.

ಕರ್ನೆಲ್ ಕಾಣದ ಬರವಣಿಗೆ

ಈಗ ಮುಖ್ಯ ದೋಷಕ್ಕೆ ಬರೋಣ. ಕಡತವನ್ನು ಬದಲಿಸಲು ಬರೆಯುವ ಆಜ್ಞೆಯೊಂದೇ ದಾರಿಯಲ್ಲ. ಕಡತವನ್ನು ಮೊಟಕುಗೊಳಿಸಬಹುದು. ಎಂಮ್ಯಾಪ್ ಎಂಬ ಕರೆಯ ಮೂಲಕ ಕಡತದ ಪುಟಗಳನ್ನು ತನ್ನ ಸ್ಮೃತಿಗೇ ಜೋಡಿಸಿಕೊಳ್ಳಬಹುದು. ಹಂಚಿಕೆಯ ರೂಪದಲ್ಲಿ ಹೀಗೆ ಜೋಡಿಸಿಕೊಂಡ ಮೇಲೆ, ಪ್ರೋಗ್ರಾಮು ತನ್ನ ಸ್ಮೃತಿಯಲ್ಲಿ ಒಂದು ಬೈಟ್ ಬದಲಿಸಿದರೆ ಸಾಕು. ಕರ್ನೆಲ್ ಕಾಲಾನಂತರದಲ್ಲಿ ಅದನ್ನು ಡಿಸ್ಕ್‌ಗೆ ಇಳಿಸುತ್ತದೆ. ಪ್ರತಿ ಬೈಟಿಗೂ ಕರ್ನೆಲ್‌ನ ಅಪ್ಪಣೆ ಬೇಕಿಲ್ಲ. ಪುಟವನ್ನು ಮೊದಲ ಸಲ ಮುಟ್ಟಿದಾಗ ಪುಟದೋಷ ಎಂಬ ಅಡಚಣೆ ಉಂಟಾಗಿ ಕರ್ನೆಲ್‌ಗೆ ಸುದ್ದಿ ಮುಟ್ಟುತ್ತದೆ, ಅಷ್ಟೇ.

ಬರೆಯುವಾಗ ಮತ್ತು ಮೊಟಕುಗೊಳಿಸುವಾಗ ಮುದ್ರೆ ಕಳಚುತ್ತದೆ, ಆದರೆ ಎಂಮ್ಯಾಪ್ ಮೂಲಕ ಬದಲಿಸಿದಾಗ ಕಳಚುವುದಿಲ್ಲ ಎಂಬುದನ್ನು ಎತ್ತಿ ತೋರಿಸಿ ಕರ್ನೆಲ್ ಭದ್ರತಾ ತಜ್ಞ ಕೀಸ್ ಕುಕ್ 2015ರ ಕೊನೆಯಲ್ಲಿ ಒಂದು ತಿದ್ದುಪಡಿಯನ್ನು ಮಂಡಿಸಿದರು. ಹಲವು ಸಲ ಪರಿಷ್ಕರಿಸಿದರೂ ಅದು ಮುಖ್ಯ ಕರ್ನೆಲ್‌ಗೆ ಸೇರಲಿಲ್ಲ. ಪುಟದೋಷದ ಸಾಮಾನ್ಯ ದಾರಿಯಲ್ಲಿ ಕರ್ನೆಲ್ ಕಡತದ ಸಮಯವನ್ನು ನವೀಕರಿಸುತ್ತದೆ, ಮುದ್ರೆಯನ್ನು ಮುಟ್ಟುವುದಿಲ್ಲ. ಕಡತ ಬದಲಾಯಿತೆಂದು ತನಗೆ ಗೊತ್ತು ಎಂದು ತಾನೇ ದಾಖಲಿಸಿಯೂ ಮುದ್ರೆಯನ್ನು ಬಿಟ್ಟುಬಿಡುವುದು ವಿಚಿತ್ರ.

ಇದು ಅಲಕ್ಷ್ಯವಲ್ಲ. ತೊಡಕು ಬೀಗಗಳಲ್ಲಿದೆ. ಮುದ್ರೆಯನ್ನು ತಿದ್ದಲು ಕಡತದ ಬೀಗ ಹಿಡಿಯಬೇಕು. ಪುಟದೋಷದ ಸಮಯದಲ್ಲಿ ಪ್ರಕ್ರಿಯೆಯ ಸ್ಮೃತಿ ನಕ್ಷೆಯ ಬೀಗ ಆಗಲೇ ಕೈಯಲ್ಲಿರುತ್ತದೆ. ಸಾಮಾನ್ಯ ಬರವಣಿಗೆಯಲ್ಲಿ ಕ್ರಮ ತಿರುಗುಮುರುಗು: ಮೊದಲು ಕಡತದ ಬೀಗ, ನಕಲು ಮಾಡುವಾಗ ಬಳಕೆದಾರನ ಪುಟ ಸಿಗದಿದ್ದರೆ ಸ್ಮೃತಿಯ ಬೀಗ. ಒಬ್ಬನ ಕೈಯಲ್ಲಿ ಕೋಣೆಯ ಕೀಲಿ, ಇನ್ನೊಬ್ಬನ ಕೈಯಲ್ಲಿ ಪೆಟ್ಟಿಗೆಯ ಕೀಲಿ; ಇಬ್ಬರಿಗೂ ಎರಡೂ ಬೇಕು, ಇಬ್ಬರೂ ಕೊಡುವುದಿಲ್ಲ. ಇಬ್ಬರೂ ಕೊನೆಯಿಲ್ಲದೆ ಕಾಯುತ್ತಾರೆ. ಆದ್ದರಿಂದ ಪುಟದೋಷದಲ್ಲಿಯೇ ಮುದ್ರೆ ಕಳಚುವುದು ಸಾಧ್ಯವಿಲ್ಲ.

ಉಳಿದ ಜಾಗಗಳನ್ನು ತೂಗಿ ನೋಡೋಣ. ಎಂಮ್ಯಾಪ್ ಕರೆಯುವಾಗಲೇ ಕಳಚಿದರೆ, ಓದಲೆಂದು ಜೋಡಿಸಿಕೊಂಡ ಪುಟಗಳಿಗೆ ಆಮೇಲೆ ಬರೆಯುವ ಹಕ್ಕು ಕೊಡುವ ಇನ್ನೊಂದು ಕರೆಯನ್ನೂ ಕಾಯಬೇಕಾಗುತ್ತದೆ, ಅಲ್ಲಿಯೂ ಅದೇ ಬೀಗದ ಸಮಸ್ಯೆ. ಕಡತವನ್ನು ಬರೆಯಲು ತೆರೆದಾಗಲೇ ಕಳಚಿದರೆ, ತೆರೆದು ಬರಿದೆ ಓದಿ ಮುಚ್ಚುವ ಪ್ರೋಗ್ರಾಮುಗಳು ಅನಗತ್ಯವಾಗಿ ಮುದ್ರೆ ಕಳೆಯುತ್ತವೆ. ಹೀಗಾಗಿ ಕುಕ್ ಅವರು ಆರಿಸಿದ್ದು ನಾಲ್ಕನೆಯ ದಾರಿ: ಪುಟದೋಷದಲ್ಲಿ ಒಂದು ಗುರುತು ಮಾಡಿಕೊಂಡು, ಕಡತದ ಕೊನೆಯ ಹಿಡಿಕೆ ಬಿಡುವಾಗ ಮುದ್ರೆ ಕಳಚುವುದು. ಬರೆಯಲು ತೆರೆದಿರುವ ಕಡತವನ್ನು ನಡೆಸಲು ಕರ್ನೆಲ್ ಬಿಡುವುದಿಲ್ಲ. ಆದ್ದರಿಂದ ಆ ಮಧ್ಯಂತರದಲ್ಲಿ ಅಪಾಯವಿಲ್ಲ ಎಂಬುದು ಅವರ ತರ್ಕ.

ತರ್ಕ ಚೆನ್ನಾಗಿದೆ, ಆದರೆ ಸಂಪೂರ್ಣವಲ್ಲ. ಮೊದಲನೆಯದಾಗಿ, ಬದಲಾದ ಪುಟಗಳು ಕಡತ ಮುಚ್ಚುವ ಮೊದಲೇ ಡಿಸ್ಕ್‌ಗೆ ಇಳಿಯಬಹುದು. ಆ ಹೊತ್ತಿಗೆ ವಿದ್ಯುತ್ ಕೈಕೊಟ್ಟರೆ, ಗಣಕ ಮತ್ತೆ ಎದ್ದಾಗ ಹೊಸ ಒಳವಸ್ತುವೂ ಹಳೆಯ ಮುದ್ರೆಯೂ ಒಟ್ಟಿಗಿರುತ್ತವೆ. ಕಳಚಬೇಕೆಂಬ ಗುರುತು ಸ್ಮೃತಿಯೊಂದಿಗೆ ಅಳಿದುಹೋಗಿರುತ್ತದೆ. ಎರಡನೆಯದಾಗಿ, ಕೊನೆಯ ಹಿಡಿಕೆ ಬಿಡುವ ಹೊತ್ತಿಗೆ ಕಳಚುವ ಕೆಲಸ ವಿಫಲವಾದರೆ ಅದನ್ನು ಯಾರಿಗೂ ವರದಿ ಮಾಡಲಾಗುವುದಿಲ್ಲ. ಮೂರನೆಯದಾಗಿ, ಇದರ ಸುರಕ್ಷೆ ಇನ್ನೊಂದು ನಿಯಮದ ಮೇಲೆ ನಿಂತಿದೆ. ನಡೆಯುತ್ತಿರುವ ಪ್ರೋಗ್ರಾಮಿನ ಕಡತಕ್ಕೆ ಬರೆಯಗೊಡದ ಸೋದರ ನಿಯಮವನ್ನು ಹೆಚ್ಚಿನ ಉಪಯೋಗವಿಲ್ಲವೆಂದು 2024ರ 6.11 ಆವೃತ್ತಿಯಲ್ಲಿ ತೆಗೆದುಹಾಕಿ, 6.13ರಲ್ಲಿ ಮರಳಿ ತರಲಾಯಿತು. ಒಂದು ಕಂಬ ತೆಗೆಯುವಾಗ ಅದರ ಮೇಲೆ ಯಾವ ಯಾವ ತೊಲೆಗಳು ಕೂತಿವೆ ಎಂಬುದರ ಪಟ್ಟಿ ಕರ್ನೆಲ್‌ನಲ್ಲಿ ಎಲ್ಲಿಯೂ ಇಲ್ಲ.

ಅವಸರದ ಕಳಚುವಿಕೆ

ಕಳಚದಿರುವುದು ಮಾತ್ರ ತಪ್ಪಲ್ಲ, ಅವಸರದಿಂದ ಕಳಚುವುದೂ ತಪ್ಪು. ಸಿವಿಇ-2015-1350 ಎಂಬ ಕ್ರಮಸಂಖ್ಯೆಯಲ್ಲಿ ದಾಖಲಾದ ದೋಷ ಇದಕ್ಕೆ ಪಾಠದಂತಿದೆ. ಜಾಲದ ಸಂಪರ್ಕವನ್ನು ಪರೀಕ್ಷಿಸುವ ಪಿಂಗ್ ಪ್ರೋಗ್ರಾಮಿಗೆ ಒಂದು ಕಡತ ಸಾಮರ್ಥ್ಯ ಅಂಟಿಸಿರುವ ಗಣಕವನ್ನು ಊಹಿಸಿಕೊಳ್ಳಿ. ಯಾವ ಹಕ್ಕೂ ಇಲ್ಲದ ಬಳಕೆದಾರನೊಬ್ಬ ಪಿಂಗ್‌ನ ಒಡೆತನವನ್ನು ಬದಲಿಸಲು ಯತ್ನಿಸುತ್ತಾನೆ. ಕರ್ನೆಲ್ ನಿರಾಕರಿಸುತ್ತದೆ. ಆದರೆ ನಿರಾಕರಿಸುವ ಮೊದಲೇ ಸಾಮರ್ಥ್ಯವನ್ನು ಕಳಚಿಬಿಟ್ಟಿರುತ್ತದೆ! ಒಡೆತನ ಬದಲಾಗಲಿಲ್ಲ, ಒಳವಸ್ತು ಬದಲಾಗಲಿಲ್ಲ. ಆದರೂ ಪಿಂಗ್ ಎಲ್ಲರಿಗೂ ನಿಂತುಹೋಯಿತು. ಹಳೆಯ ಸೆಟ್‌ಯುಐಡಿ ಬಿಟ್ಟನ್ನು ಹಕ್ಕಿನ ಪರಿಶೀಲನೆಯೊಂದಿಗೇ ಅಳಿಸಲಾಗುತ್ತಿತ್ತು. ಹೊಸದಾಗಿ ಬಂದ ಸಾಮರ್ಥ್ಯವನ್ನು ಪರಿಶೀಲನೆಗಿಂತ ಮುಂಚೆ ಅಳಿಸುವ ಜಾಗದಲ್ಲಿ ಸೇರಿಸಿದ್ದೇ ಕಾರಣ. ಯಾನ್ ಕಾರಾ ಅವರ ತಿದ್ದುಪಡಿಯಿಂದ 2016ರಲ್ಲಿ ಇದು ಸರಿಯಾಯಿತು.

ಅಧಿಕಾರ ಕೊಡುವುದಕ್ಕೆ ಹೇಗೆ ಹಕ್ಕು ಬೇಕೋ ಕಿತ್ತುಕೊಳ್ಳುವುದಕ್ಕೂ ಹಾಗೆಯೇ ಹಕ್ಕು ಬೇಕು ಎಂಬುದು ಇದರ ನೀತಿ.

ಪರಿಶೀಲನೆ ಮತ್ತು ಬಳಕೆಯ ನಡುವಿನ ಅಂತರವೂ ಇದೇ ಜಾತಿಯ ತೊಂದರೆ ಕೊಟ್ಟಿದೆ. 2024ರಲ್ಲಿ ದಾಖಲಾದ ಸಿವಿಇ-2024-43882 ದೋಷದಲ್ಲಿ, ಪ್ರೋಗ್ರಾಮನ್ನು ನಡೆಸುವ ಹಕ್ಕನ್ನು ಕರ್ನೆಲ್ ಒಂದು ಕ್ಷಣದಲ್ಲಿ ನೋಡುತ್ತಿತ್ತು, ಸೆಟ್‌ಯುಐಡಿ ಬಿಟ್ಟನ್ನು ಬಹಳ ತಡವಾಗಿ ಇನ್ನೊಂದು ಕ್ಷಣದಲ್ಲಿ ಓದುತ್ತಿತ್ತು. ಆ ನಡುವೆ ಕಡತದ ಅನುಮತಿ ಬದಲಾದರೆ, ನಡೆಸುವ ಹಕ್ಕೇ ಇಲ್ಲದವನಿಗೆ ಮುದ್ರೆಯ ಅಧಿಕಾರ ದಕ್ಕಬಹುದಿತ್ತು.

ಬಾಗಿಲುಗಳ ಎಣಿಕೆ

ಉಷ್ಣಗತಿಶಾಸ್ತ್ರದ ವಿದ್ಯಾರ್ಥಿಗಳಿಗೆ ಸ್ಥಿತಿ ಫಲನ ಮತ್ತು ಪಥ ಫಲನಗಳ ವ್ಯತ್ಯಾಸ ತಿಳಿದದ್ದೇ. ಅನಿಲವನ್ನು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಯಾವ ದಾರಿಯಲ್ಲಿ ಒಯ್ದರೂ ಆಂತರಿಕ ಶಕ್ತಿಯ ಬದಲಾವಣೆ ಒಂದೇ. ಹೀರಿದ ಉಷ್ಣ, ನಡೆದ ಕೆಲಸ ಮಾತ್ರ ದಾರಿಯನ್ನು ಅವಲಂಬಿಸಿರುತ್ತವೆ. ಭದ್ರತೆಯ ಗುಣವೊಂದು ಸ್ಥಿತಿ ಫಲನವಾಗಿರಬೇಕು. ಕಡತದ ಒಳವಸ್ತು ಮುದ್ರೆ ಹಾಕಿದಾಗ ಇದ್ದಂತೆ ಇದೆಯೇ ಇಲ್ಲವೇ ಎಂಬುದಷ್ಟೇ ಪ್ರಶ್ನೆ. ಯಾವ ಕರೆಯಿಂದ ಬದಲಾಯಿತು ಎಂಬುದು ಅಪ್ರಸ್ತುತ. ಲಿನಕ್ಸ್‌ನಲ್ಲಿ ಅದು ಪಥ ಫಲನವಾಗಿದೆ. ಬರೆಯುವ ಪ್ರತಿ ದಾರಿಯಲ್ಲೂ ಮುದ್ರೆ ಕಳಚುವ ಸಾಲೊಂದನ್ನು ನೆನಪಿಟ್ಟು ಸೇರಿಸಬೇಕು. ಹೊಸ ಬಾಗಿಲು ಇಟ್ಟಾಗಲೆಲ್ಲ ಕಾವಲುಗಾರನನ್ನು ನೇಮಿಸಬೇಕು. ಮರೆತರೆ ಅದು ತೆರೆದ ಬಾಗಿಲು.

ಮರೆತದ್ದಕ್ಕೆ ಉದಾಹರಣೆಗಳಿವೆ. ಸೆಟ್‌ಜಿಐಡಿ ಇರುವ ಕಡತಕೋಶದಲ್ಲಿ, ಆ ಗುಂಪಿಗೆ ಸೇರದವನು ಗುಂಪಿನ ಹೆಸರಿನಲ್ಲಿ ಮುದ್ರೆಯುಳ್ಳ ಕಡತವನ್ನು ಸೃಷ್ಟಿಸಬಹುದಾಗಿದ್ದ ದೋಷ 2018ರಲ್ಲಿ ಸಿವಿಇ-2018-13405 ಎಂದು ದಾಖಲಾಗಿ ಸರಿಯಾಯಿತು. ಆದರೆ ಎಕ್ಸ್‌ಎಫ್‌ಎಸ್ ಕಡತವ್ಯವಸ್ಥೆಗೆ ಆ ಪರಿಹಾರ ತಲುಪಿರಲಿಲ್ಲ. ಅದೇ ದೋಷ ಸಿವಿಇ-2021-4037 ಎಂಬ ಹೊಸ ಸಂಖ್ಯೆಯಲ್ಲಿ ಮತ್ತೆ ದಾಖಲಾಯಿತು. ಒಂದೇ ತೀರ್ಮಾನವನ್ನು ಪ್ರತಿ ಕಡತವ್ಯವಸ್ಥೆಯೂ ಪ್ರತ್ಯೇಕವಾಗಿ ಮಾಡುವ ಪದ್ಧತಿಯ ಫಲ ಇದು. ಸಿವಿಇ-2023-0386 ದೋಷದಲ್ಲಿ ಓವರ್‌ಲೇ ಎಂಬ ಪದರ ಕಡತವ್ಯವಸ್ಥೆ, ಮುದ್ರೆಗೆ ಮಾನ್ಯತೆಯಿಲ್ಲದ ಜಾಗದಿಂದ ಮಾನ್ಯತೆಯಿರುವ ಜಾಗಕ್ಕೆ ಕಡತವನ್ನು ಮುದ್ರೆಸಹಿತ ನಕಲು ಮಾಡುತ್ತಿತ್ತು. ಇಲ್ಲಿ ಬರವಣಿಗೆಯೇ ನಡೆದಿಲ್ಲ, ಸ್ಥಳಾಂತರ ನಡೆದಿದೆ.

ಬಾಗಿಲನ್ನೇ ಬಳಸದ ದಾಳಿಗಳೂ ಇವೆ. 2007ರ 2.6.22 ಆವೃತ್ತಿಯಿಂದ 2016ರ ಅಕ್ಟೋಬರ್‌ವರೆಗೆ ಕರ್ನೆಲ್‌ನಲ್ಲಿದ್ದ ಡರ್ಟಿ ಕೌ, 2022ರಲ್ಲಿ ಮ್ಯಾಕ್ಸ್ ಕೆಲರ್‌ಮನ್ ಬಹಿರಂಗಪಡಿಸಿದ ಡರ್ಟಿ ಪೈಪ್, ಇವೆರಡೂ ಓದಲು ಮಾತ್ರ ಹಕ್ಕಿರುವ ಕಡತದ ಸ್ಮೃತಿಯಲ್ಲಿನ ಪುಟಗಳನ್ನು ತಿದ್ದಲು ಅವಕಾಶ ಕೊಟ್ಟವು. ಸೆಟ್‌ಯುಐಡಿ ಪ್ರೋಗ್ರಾಮನ್ನೇ ತಿದ್ದಿ ರೂಟ್ ಆಗುವುದನ್ನು ಎರಡರ ವಿಷಯದಲ್ಲೂ ಮಾಡಿ ತೋರಿಸಲಾಯಿತು. ಬರೆಯುವ ದಾರಿಗೇ ಹೋಗದ್ದರಿಂದ ಮುದ್ರೆ ಕಳಚಲಿಲ್ಲ. ಇವು ಕಳಚುವ ನಿಯಮದ ದೋಷಗಳಲ್ಲ, ನಿಜ. ಆದರೆ ಮುದ್ರೆ ಮತ್ತು ಒಳವಸ್ತು ಪರಸ್ಪರ ಬೆಸೆದುಕೊಂಡಿಲ್ಲ, ಪಕ್ಕಪಕ್ಕದಲ್ಲಿವೆ ಅಷ್ಟೆ ಎಂಬುದನ್ನು ಅವು ಬಯಲುಮಾಡಿದವು.

ಬೇರೆ ದಾರಿ ಉಂಟೇ?

ನನ್ನ ಸಲಹೆ ಎರಡು ವಾಕ್ಯಗಳಲ್ಲಿದೆ. ಮುದ್ರೆಯಿರುವ ಕಡತವನ್ನು ಬರೆಯಲು ತೆರೆದ ಕ್ಷಣವೇ, ಹಕ್ಕಿನ ಪರಿಶೀಲನೆಯಾದ ಮೇಲೆ, ಮುದ್ರೆ ಕಳಚಲಿ. ಬರೆಯಲು ತೆರೆದಿರುವ ಕಡತಕ್ಕೆ ಮುದ್ರೆ ಹಾಕಲು ಕರ್ನೆಲ್ ನಿರಾಕರಿಸಲಿ. ಅಂದರೆ ಮುದ್ರೆ ಮತ್ತು ಬರೆಯುವವನು ಏಕಕಾಲದಲ್ಲಿ ಇರಕೂಡದು. ಇದು ದಾರಿಗಳ ಪಟ್ಟಿಯಲ್ಲ, ಸ್ಥಿತಿಯ ಮೇಲಿನ ನಿರ್ಬಂಧ. ಎಂಮ್ಯಾಪ್ ಆಗಲಿ, ನಾಳೆ ಬರುವ ಇನ್ನಾವುದೇ ಕರೆಯಾಗಲಿ, ಬರೆಯಲು ಕಡತವನ್ನು ತೆರೆಯಲೇಬೇಕು.

ತೆರೆದಾಗಲೇ ಕಳಚಿದರೆ ಅಪರಿಚಿತರಿಗೆ ಕಿರುಕುಳದ ಹೊಸ ಅವಕಾಶ ಸಿಗುವುದಿಲ್ಲವೇ? ಇಲ್ಲ. ಬರೆಯಲು ತೆರೆಯುವ ಹಕ್ಕಿದ್ದವನು ಒಂದು ಬೈಟ್ ಬರೆದು ಇಂದೂ ಮುದ್ರೆಯನ್ನು ಕಳಚಬಲ್ಲ. ಅವನಿಗೆ ಹೊಸದೇನೂ ದಕ್ಕುವುದಿಲ್ಲ. ಎರಡನೆಯ ವಾಕ್ಯವೂ ಬೇಕೇ ಬೇಕು. ಇಲ್ಲದಿದ್ದರೆ ಮೊದಲೇ ತೆರೆದಿಟ್ಟುಕೊಂಡವನು, ರೂಟ್ ಮುದ್ರೆ ಹಾಕುವವರೆಗೆ ಕಾದು, ಜೋಡಿಸಿಕೊಂಡ ಪುಟದಲ್ಲಿ ಸದ್ದಿಲ್ಲದೆ ಬದಲಿಸಬಹುದು. ಬರೆಯುವವರ ಎಣಿಕೆಯನ್ನು ಕರ್ನೆಲ್ ಈಗಾಗಲೇ ಇಟ್ಟುಕೊಂಡಿದೆ. 2019ರ 5.4 ಆವೃತ್ತಿಯಲ್ಲಿ ಬಂದ ಎಫ್‌ಎಸ್-ವೆರಿಟಿ ಎಂಬ ವ್ಯವಸ್ಥೆ ಇದೇ ಎಣಿಕೆಯನ್ನು ನೋಡುತ್ತದೆ. ಕಡತವನ್ನು ಯಾರಾದರೂ ಬರೆಯಲು ತೆರೆದಿದ್ದರೆ ಅದಕ್ಕೆ ರಕ್ಷಣೆ ಅಳವಡಿಸಲು ನಿರಾಕರಿಸುತ್ತದೆ. ಅಳವಡಿಸಿದ ಮೇಲೆ ಕಡತವನ್ನು ಬರೆಯಲು ತೆರೆಯಲಾಗುವುದಿಲ್ಲ, ಡಿಸ್ಕಿನಿಂದ ಓದುವ ಪುಟಗಳನ್ನು ಹ್ಯಾಶ್ ಬೆಲೆಗಳೊಂದಿಗೆ ತಾಳೆ ನೋಡಲಾಗುತ್ತದೆ. ಮುದ್ರೆಯನ್ನು ಒಳವಸ್ತುವಿಗೇ ಬೆಸೆಯುವ ದಿಕ್ಕಿನಲ್ಲಿ ಇದು ಸರಿಯಾದ ಹೆಜ್ಜೆ.

ಈ ಸಲಹೆಗೆ ಬೆಲೆ ತೆರಬೇಕಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಕಡತಗಳನ್ನು ನಕಲಿಸುವ, ಸಂಗ್ರಹದಿಂದ ಬಿಚ್ಚುವ ಎಷ್ಟೋ ಪ್ರೋಗ್ರಾಮುಗಳು ಬರೆದು ಮುಗಿಸಿ, ಕಡತವನ್ನು ಮುಚ್ಚುವ ಮೊದಲೇ ಅನುಮತಿಯ ಬಿಟ್‌ಗಳನ್ನು ಹಾಕುತ್ತವೆ. ಅವೆಲ್ಲ ಮುರಿಯುತ್ತವೆ. ಬಳಕೆದಾರರ ಪ್ರೋಗ್ರಾಮುಗಳನ್ನು ಮುರಿಯಬಾರದು ಎಂಬುದು ಲಿನಕ್ಸ್‌ನ ದೊಡ್ಡ ಕಟ್ಟಳೆ. ಅಲ್ಲದೆ, ಸರಿಯಾಗಿ ನಿರ್ವಹಿಸಿದ ಗಣಕದಲ್ಲಿ ಸೆಟ್‌ಯುಐಡಿ ಪ್ರೋಗ್ರಾಮುಗಳಿಗೆ ಬರೆಯುವ ಹಕ್ಕು ರೂಟ್‌ಗೆ ಮಾತ್ರ ಇರುತ್ತದೆ, ಆದ್ದರಿಂದ ಇದೆಲ್ಲ ಅಪರೂಪದ ಅಜಾಗರೂಕತೆಗೆ ಮದ್ದು ಎಂಬ ವಾದಕ್ಕೂ ತೂಕವಿದೆ. ಆದರೆ ಎರಡನೆಯ ಸಾಲಿನ ರಕ್ಷಣೆ ಇರುವುದೇ ಮೊದಲ ಸಾಲು ಅಜಾಗರೂಕತೆಯಿಂದ ಕುಸಿದಾಗ. ಅಪರೂಪ ಎಂಬ ಕಾರಣಕ್ಕೆ ಅದರಲ್ಲಿ ಕಿಂಡಿ ಬಿಡುವುದಾದರೆ, ರಕ್ಷಣೆಯಿದೆ ಎಂದು ವ್ಯವಸ್ಥಾಪಕನಿಗೆ ಹೇಳಬಾರದು. ಮುರಿಯುವ ಭಯವಿದ್ದರೆ, ಬೇಕಾದವರು ಆರಿಸಿಕೊಳ್ಳುವ ಐಚ್ಛಿಕ ಸೌಲಭ್ಯವಾಗಿಯಾದರೂ ಇದನ್ನು ಕೊಡಬಹುದು.

ಮುದ್ರೆಗಳನ್ನೇ ಕಡಿಮೆ ಮಾಡುವುದು ಇನ್ನೊಂದು ದಾರಿ. ಲಿನಕ್ಸ್ ಕರ್ನೆಲ್‌ನ ಮೇಲೆ ನಡೆಯುವ ಆಂಡ್ರಾಯ್ಡ್, 2013ರ 4.3 ಆವೃತ್ತಿಯಲ್ಲಿ ಸೆಟ್‌ಯುಐಡಿ ಪ್ರೋಗ್ರಾಮುಗಳನ್ನು ಕೈಬಿಟ್ಟಿತು. 2012ರ 3.5 ಆವೃತ್ತಿಯಿಂದ ಲಿನಕ್ಸ್‌ನಲ್ಲಿ ಒಂದು ಪ್ರಕ್ರಿಯೆ, ತಾನೂ ತನ್ನ ಸಂತತಿಯೂ ಮುದ್ರೆಯಿಂದ ಹೊಸ ಅಧಿಕಾರ ಪಡೆಯುವುದಿಲ್ಲ ಎಂದು ಪ್ರತಿಜ್ಞೆ ಮಾಡಬಹುದು. 2024ರಲ್ಲಿ ಸಿಸ್ಟಂಡಿಯ 256ನೆಯ ಆವೃತ್ತಿ, ಸೆಟ್‌ಯುಐಡಿ ಇಲ್ಲದೆಯೇ ಸುಡೋ ಆಜ್ಞೆಯ ಕೆಲಸ ಮಾಡುವ ರನ್0 ಎಂಬ ಪರ್ಯಾಯವನ್ನು ಒದಗಿಸಿತು. ಇಲ್ಲದ ಮುದ್ರೆಯನ್ನು ಕಳಚಬೇಕಾಗಿಲ್ಲ.

ಆದರೂ ಹಳೆಯ ಮುದ್ರೆಗಳು ಇನ್ನೂ ಬಹುಕಾಲ ನಮ್ಮ ಗಣಕಗಳಲ್ಲಿ ಇರುತ್ತವೆ. ಆಸಕ್ತ ಓದುಗರು ಇಂದೇ ಮಾಡಬಹುದಾದ ಕೆಲಸವೊಂದಿದೆ. ತಮ್ಮ ಹಂಚಿಕೆಯ ಗಣಕದಲ್ಲಿ ಸೆಟ್‌ಯುಐಡಿ, ಸೆಟ್‌ಜಿಐಡಿ ಮತ್ತು ಸಾಮರ್ಥ್ಯಗಳಿರುವ ಕಡತಗಳ ಪಟ್ಟಿ ತೆಗೆಯಲಿ. ಒಡೆಯನ ಹೊರತು ಬೇರೆಯವರಿಗೆ ಬರೆಯುವ ಹಕ್ಕು ಇರುವ ಕಡತ ಆ ಪಟ್ಟಿಯಲ್ಲಿ ಒಂದೂ ಇರಬಾರದು. ಬಳಕೆದಾರರ ಮನೆಕಡತಗಳಿರುವ ವಿಭಾಗವನ್ನು ಮುದ್ರೆಗೆ ಮಾನ್ಯತೆಯಿಲ್ಲದಂತೆ, ಅಂದರೆ ನೋಸುಯಿಡ್ ಆಯ್ಕೆಯೊಂದಿಗೆ ಜೋಡಿಸಲಿ. ಕರ್ನೆಲ್ ತಾನಾಗಿ ಮುದ್ರೆ ಕಳಚುತ್ತದೆ ಎಂಬ ಭರವಸೆ ಒಳ್ಳೆಯದೇ. ಆದರೆ ಯಾವ ಬಾಗಿಲಲ್ಲಿ ಕಳಚುತ್ತದೆ, ಯಾವುದರಲ್ಲಿ ಇಲ್ಲ ಎಂದು ತಿಳಿದವರಿಗೆ ಮಾತ್ರ ಆ ಭರವಸೆ ಉಪಯೋಗಕ್ಕೆ ಬರುತ್ತದೆ.